ತೆರೆದ ಕಣ್ಣಿನ ನಿದ್ದೆ

ಬೆಳಕು ಹರಿಯುವ ಮುಂಚೆ ಕಸ ಗುಡಿಸಬೇಕು, ನೀರು ತುಂಬಿಸಬೇಕು, ನೆನೆಸಿಟ್ಟ ಬಟ್ಟೆ ಒಗೆದು ಹಿಂಡಬೇಕು, ಹಾಲು ಕಾಯಿಸಬೇಕು, ಮಗನ ಅಂಗಿಗೆ ಇಸ್ತ್ರಿ ಹಾಕಬೇಕು. ಅತ್ತೆ ಸೊಸೆ ಗೊಣಗಿಕೊಂಡೇ ಹಂಚಿಕೊಳ್ಳುತ್ತಿದ್ದ ಕೆಲಸ. ಈಗ ಕೆಲವು ದಿನಗಳಿಂದ ಅತ್ತೆ ಏಳುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿತ್ತು. ಒಂದು ಪಾತ್ರೆಯ ಸದ್ದೂ ಇಲ್ಲ. ‘ಅಂತೂ ದಾರಿಗೆ ಬಂದಳು’ ಎಂದುಕೊಂಡು ಅತ್ತೆ ಮಗ್ಗುಲು ಬದಲಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಅತ್ತೆಯ ಅಡ್ಡಹೆಸರು ಎಚ್ಚರಮ್ಮ. ಆಪರೇಷನ್ ಕೋಣೆಯ ಆಯಾ. ಕೆಟಮಿನ್ ಎಂಬ ಅರಿವಳಿಕೆ ಚುಚ್ಚಿಸಿಕೊಂಡವರ ಕಣ್ಣು ತೆರೆದೇ ಇರುತ್ತದೆ. ಮೈ ಕೊಯ್ದರೂ ತಿಳಿಯದು. ಅವರು ಎಚ್ಚರಕ್ಕೆ ಮರಳುವವರೆಗೆ ಕೈ ಹಿಡಿದು ಕೂರುವವಳು ಇವಳು. ಗಂಡಸರು ಎದ್ದು, ‘ಚಾವಣಿಗೆ ಅಂಟಿಕೊಂಡು, ಕೆಳಗೆ ಮಲಗಿದ್ದ ನಮ್ಮನ್ನೇ ನೋಡಿದೆವು’ ಎನ್ನುತ್ತಿದ್ದರು. ಹೆಂಗಸರ ಕೈಗಳು ಮಾತ್ರ ಗಾಳಿಯಲ್ಲಿ ಬಟ್ಟೆ ಹಿಂಡುತ್ತಿದ್ದವು.

“ಅದೇನ್ ಔಷಧಿನೋ ಡಾಕ್ಟ್ರೇ, ಗಂಡಸರನ್ನ ಆಕಾಶಕ್ಕೆ ಕಳಿಸುತ್ತೆ, ನಮ್ಮನ್ನ ಬಚ್ಚಲಿಗೆ!” ಎಂದು ನಗಿಸುತ್ತಿದ್ದಳು.

ಆ ಬೆಳಗ್ಗೆ ಸುಟ್ಟ ವಾಸನೆಗೆ ಎದ್ದು ಬಂದಳು. ಸೊಸೆ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಮೇಲೆ ಅಂಗಿ ಇರಲಿಲ್ಲ. ಎಡಗೈಯನ್ನೇ ಅಂಗಿಯಂತೆ ಹರಡಿ, ಕಾದ ಪೆಟ್ಟಿಗೆಯನ್ನು ನಿಧಾನವಾಗಿ ಎಳೆಯುತ್ತಿದ್ದಳು. ಕಣ್ಣುಗುಡ್ಡೆ ಅತ್ತಿತ್ತ ತೂಗುತ್ತಿತ್ತು. ತುಟಿಯಲ್ಲಿ ಸಣ್ಣ ನಗು.

ಎಚ್ಚರಮ್ಮ ಪೆಟ್ಟಿಗೆ ಕಿತ್ತುಕೊಂಡಳು.

“ಬೆನ್ನುನೋವು ಅಂತ ಕೊರಗ್ತಿದ್ಲಲ್ಲ, ಬೆಳಗಿನ ಜಾವ ಸ್ವಲ್ಪ ಕೆಟಮಿನ್ ಕುಡಿಸ್ತಿದ್ದೆ,” ಎಂದ ಹಿಂದೆಯೇ ಎದ್ದು ಬಂದ ಮಗ. ಅವನೂ ಅದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು. “ನನ್ನ ಗೆಳೆಯರೆಲ್ಲ ಮಜಾಕ್ಕೆ ತಗೊಳ್ತಾರೆ ಕಣಮ್ಮ.”

“ಎಲ್ಲಿಂದ ತಂದೆಯೋ, ಹಾಳಾದವನೇ?”

“ನೀನು ಚೆಲ್ಲೋಕೆ ಇಟ್ಟ ಬಾಟಲಿಯಿಂದ. ಬಾಯಿ ಬಿಟ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಕೈ ಜಾರ್ತು ಅನ್ನು, ಸಾಕು.”

ಆಸ್ಪತ್ರೆಯ ದಾರಿಯಲ್ಲಿ ನೋವು ಮರಳಿತು, ಸೊಸೆ ಕಿರುಚತೊಡಗಿದಳು.

“ಇಸ್ತ್ರಿ ಹಾಕೋವಾಗ ಸುಟ್ಕೊಂಡ್ಳಾ? ಚರ್ಮ ತೆಗೀಬೇಕು, ತಡ್ಕೊಳ್ಳೋಕಾಗಲ್ಲ,” ಎಂದು ಡಾಕ್ಟರು ಅದೇ ಕೆಟಮಿನ್ ಬಾಟಲಿಗೆ ಸೂಜಿ ಚುಚ್ಚಿದರು. ಮೈಯಲ್ಲಿರುವುದರ ಮೇಲೆ ಇನ್ನಷ್ಟು ಬಿದ್ದರೆ ಉಸಿರು ನಿಂತರೂ ನಿಂತೀತು. ಬಾಗಿಲಲ್ಲಿ ಮಗ ತಾಯಿಯತ್ತ ತಲೆಯಾಡಿಸಿದ: ಹೇಳಬೇಡ.

ಸೊಸೆಯ ಬಲಗೈ ಎಚ್ಚರಮ್ಮನ ಕೈಯಲ್ಲಿತ್ತು. ಈ ಕೈಯನ್ನು ಅವಳು ಹಿಂದೆ ಹಿಡಿದದ್ದೇ ಇಲ್ಲ. ನೋವಿನ ನಡುವೆಯೂ ಆ ಬೆರಳುಗಳು ಮೆಲ್ಲಗೆ ಏನನ್ನೋ ಹಿಂಡುತ್ತಿದ್ದವು.

“ಚುಚ್ಚಬೇಡಿ ಡಾಕ್ಟ್ರೇ,” ಎಂದಳು ಎಚ್ಚರಮ್ಮ. “ಅದು ಇವಳ ಮೈಯಲ್ಲಿ ಆಗಲೇ ಇದೆ. ನಾನು ಚೆಲ್ಲಬೇಕಾಗಿದ್ದ ಔಷಧಿ. ಕುಡಿಸಿದೋನು ಅಗೋ, ಬಾಗಿಲಲ್ಲಿ ನಿಂತಿದ್ದಾನೆ.”