ಲೈನ್‌ಮನ್ ಯಾಜೆಪ್ಸ್ ಬರೆಸಿದ ಪತ್ರ

ಯಾಜೆಪ್ಸ್ ವುತ್ಸಾನ್ಸ್ ಮೂವತ್ತೊಂಬತ್ತು ವರ್ಷ ನಮ್ಮ ಕಡೆಯ ವಿದ್ಯುತ್ ಕಂಬಗಳನ್ನು ಹತ್ತಿ ಇಳಿದವನು. ಕಳೆದ ಫೆಬ್ರವರಿಯಲ್ಲಿ ತೀರಿಕೊಂಡ. ಪಾದ್ರಿ ಅವನನ್ನು ಸಾಧು ಮನುಷ್ಯ ಎಂದು ಹೊಗಳಿದರು. ಅವನು ಸಾಧುವೇನೂ ಆಗಿರಲಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ. ಹೆಂಡತಿ ಬದುಕಿದ್ದಾಗ ಸಣ್ಣ ಸಣ್ಣ ವಿಷಯಕ್ಕೂ ವಾರಗಟ್ಟಲೆ ಮಾತು ಬಿಡುತ್ತಿದ್ದ. ಆದರೆ ತಾನು ಮಾಡಿದ್ದನ್ನು ತಾನೇ ಮಾಡಿದೆ ಎನ್ನುವ ಧೈರ್ಯ ಅವನಿಗಿತ್ತು. ಅದು ಎಷ್ಟು ಅಪರೂಪದ ಗುಣ ಎಂಬುದು ನನಗೆ ತಡವಾಗಿ ತಿಳಿಯಿತು.

ನಮ್ಮ ಹಳ್ಳಿ ದುಬುಲಿ ಇರುವುದು ಲಾತ್ವಿಯಾದ ಪೂರ್ವದ ಅಂಚಿನಲ್ಲಿ. ರಷ್ಯದ ಗಡಿಗೆ ಇಪ್ಪತ್ತೆರಡು ಕಿಲೋಮೀಟರು, ಒಟ್ಟು ಹದಿನಾಲ್ಕು ಮನೆ. ಯಾಜೆಪ್ಸನ ಮನೆಯ ಹಿಂದೆ ಒಂದು ದಿಣ್ಣೆ, ಅದರ ಮೇಲೆ ತಂತಿ ಕಳಚಿದ ಹಳೆಯ ಕಂಬ, ಕಂಬದ ತುದಿಯಲ್ಲಿ ಬಿಳಿ ಕೊಕ್ಕರೆಗಳ ಗೂಡು. ಲೈನು ಬದಲಾದಾಗ ಕಂಬವನ್ನು ಕಡಿಯಲು ಬಂದವರನ್ನು ಅವನೇ ತಡೆದು, ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ.

ಅದಕ್ಕೆ ಕಾರಣವಿತ್ತು. ಸೋವಿಯತ್ ಕಾಲದಲ್ಲಿ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮೇಲಿನವರು ಹೇಳಿದರೆಂದು ಅವನು ಮರಿಗಳಿದ್ದ ಗೂಡೊಂದನ್ನು ಕೋಲಿನಿಂದ ಕೆಡವಿದ್ದ. ಗೂಡು ಕೆಡವಿದವನ ಮನೆಗೆ ಕೊಕ್ಕರೆ ಕೊಕ್ಕಿನಲ್ಲಿ ಕೆಂಡ ತರುತ್ತದೆ ಎಂದು ನಂಬಿದ್ದ ಅವನ ತಾಯಿ ಆ ಬೇಸಿಗೆ ಪೂರ್ತಿ ಹೊಸ್ತಿಲ ಬಳಿ ಒಂದು ಬಕೆಟ್ ನೀರು ಇಟ್ಟಿದ್ದಳಂತೆ. ಇಂಥ ನಂಬಿಕೆಗಳನ್ನು ನಾನು ನಲವತ್ತೊಂದು ವರ್ಷ ಜೀವಶಾಸ್ತ್ರದ ತರಗತಿಯಲ್ಲಿ ಅಲ್ಲಗಳೆಯುತ್ತ ಬಂದವಳು. ಯಾಜೆಪ್ಸನಿಗೂ ಕೆಂಡದ ಭಯವಿರಲಿಲ್ಲ. ಕೆಳಗೆ ಬಿದ್ದ ಮರಿಗಳು ಸಾಯಲು ತೆಗೆದುಕೊಂಡ ಹೊತ್ತನ್ನು ಅವನು ಮರೆತಿರಲಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ, ಸೇನೆಯ ಕ್ಯಾಪ್ಟನ್ ಸ್ಕುಯಾ ಎಂಬ ಯುವಕ ಇಬ್ಬರು ತಂತ್ರಜ್ಞರೊಂದಿಗೆ ಬಂದ. ನಾನು ಆಗ ಯಾಜೆಪ್ಸನ ಅಂಗಳದಲ್ಲಿ ಬಿತ್ತನೆ ಆಲೂಗಡ್ಡೆ ಆರಿಸುತ್ತಿದ್ದೆ.

"ಅಜ್ಜ, ದಿಣ್ಣೆ ಮೇಲಿನ ಕಂಬ ನಿಮ್ದಾ?"

"ಕಂಬ ನಂದು. ಅದರ ಮೇಲಿನ ಮನೆ ನಂದಲ್ಲ."

"ನಮಗೆ ಆ ಮನೆ ಜಾಗಾನೇ ಬೇಕಾಗಿತ್ತು."

ವಿಷಯ ಸರಳವಾಗಿತ್ತು. ರಷ್ಯದ ಡ್ರೋನ್‌ಗಳು ಮರದ ಎತ್ತರದಲ್ಲಿ ಹಾರಿದರೆ ರಾಡಾರಿಗೆ ಕಾಣುವುದಿಲ್ಲ. ಆದರೆ ಅವುಗಳ ಎಂಜಿನ್ನಿನ ಸದ್ದು ಅಡಗುವುದಿಲ್ಲ. ಅದನ್ನು ಕೇಳಿಸಿಕೊಳ್ಳುವ ಮೈಕಿನ ಪೆಟ್ಟಿಗೆಗಳನ್ನು ಎತ್ತರದಲ್ಲಿ ಕಟ್ಟಬೇಕು. ಮೂರು ಕಡೆಯಿಂದ ಸದ್ದು ಕೇಳಿದರೆ ದಿಕ್ಕು ಗೊತ್ತಾಗುತ್ತದೆ, ಊರಿನವರ ಫೋನುಗಳಿಗೆ ಎಚ್ಚರಿಕೆ ಹೋಗುತ್ತದೆ. ಚರ್ಚಿನ ಗೋಪುರದಲ್ಲಿ ಒಂದು, ಗಿರಣಿಯ ಮೇಲೆ ಒಂದು ಆಗಲೇ ಕಟ್ಟಿದ್ದರು. ಮೂರನೆಯದು ಈ ಕಂಬಕ್ಕೆ.

"ಪಕ್ಕದಲ್ಲೇ ಇನ್ನೊಂದು ಕಂಬ ನೆಟ್ಟು ಗೂಡು ಇಟ್ಟುಕೊಡ್ತೀವಿ ಅಜ್ಜ."

"ಮೊಟ್ಟೆ ಮೇಲೆ ಕೂತವಳಿಗೆ ಮನೆ ಬದಲಾಯಿಸು ಅಂತೀಯಲ್ಲ, ಹಿಂಗೆ ನಿನ್ನ ಹೆಂಡ್ತಿಗೆ ಹೇಳಿ ನೋಡು."

"ನನಗಿನ್ನೂ ಮದುವೆ ಆಗಿಲ್ಲ."

"ಅದಕ್ಕೇ ಮತ್ತೆ."

ತಂತ್ರಜ್ಞರು ನಕ್ಕರು. ಕ್ಯಾಪ್ಟನ್ ನಗಲಿಲ್ಲ. "ಹಾಗಾದ್ರೆ ಡ್ರೋನಿಗೆ ಸ್ವಲ್ಪ ಕಾಯೋಕೆ ನೀವೇ ಹೇಳ್ತೀರಾ?"

"ಬ್ರಸೆಲ್ಸ್‌ನಲ್ಲಿ ಕೂತ ಯುರೋಪಿನ ದೊಡ್ಡವರು ನಿಮ್ಮನ್ನ ಎಷ್ಟು ವರ್ಷದಿಂದ ಕಾಯಿಸ್ತಿದಾರೆ ಮಗಾ? ನಾನು ಕೇಳ್ತಿರೋದು ಮರಿ ಹಾರೋವರೆಗೆ. ಆಮೇಲೆ ಬಾ, ನಾನೇ ಹತ್ತಿ ಕಟ್ಟಿಕೊಡ್ತೀನಿ."

ಕ್ಯಾಪ್ಟನ್ ನಿಟ್ಟುಸಿರು ಬಿಟ್ಟು, ಆಕ್ಷೇಪಣೆಯನ್ನು ಬರಹದಲ್ಲಿ ಕೊಡಿ ಎಂದ. ಯಾಜೆಪ್ಸ್ ನನ್ನ ಕಡೆ ನೋಡಿದ. ಕಚೇರಿಯ ಭಾಷೆ ಅವನಿಗೆ ಬರುತ್ತಿರಲಿಲ್ಲ.

"ಮರಿ ಹಾರೋವರೆಗೆ ಅಂತ ಬರೀರಿ ಟೀಚರೇ."

ಮರಿ ಹಾರುವವರೆಗೆ ಎಂದರೆ ಕಾನೂನಿನಲ್ಲಿ ಏನೂ ಅಲ್ಲ. ವಾಸವಿರುವ ಗೂಡನ್ನು ಮುಟ್ಟಬಾರದ ಅವಧಿ ಆಗಸ್ಟ್ ಮೂವತ್ತೊಂದಕ್ಕೆ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಹಾಗೆಯೇ ಬರೆದೆ, ನಿಯಮದ ಸಂಖ್ಯೆ ಸಮೇತ. ಅವನು ಓದದೆ ಸಹಿ ಹಾಕಿದ. ಆ ಪತ್ರದಲ್ಲಿ ಇಂದಿಗೂ ಒಂದು ತಪ್ಪು ಹುಡುಕಲಾಗದು. ಅಂದು ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ದಿಣ್ಣೆಯ ಬುಡದಲ್ಲಿ ಲೆಯೊಂತಿನಾಳ ಮನೆ. ಅರವತ್ತೆಂಟರ ವಿಧವೆ, ಊರಿನಲ್ಲಿ ಉಳಿದಿದ್ದ ಕಟ್ಟಕಡೆಯ ಹಸು ಬ್ರೂನಾ ಅವಳದು. ಮೇ ತಿಂಗಳಲ್ಲಿ ನಾವು ಹೆಂಗಸರು ಸಂಜೆ ದಾರಿಬದಿಯ ಶಿಲುಬೆಯ ಬಳಿ ಸೇರಿ ಮಾತೆ ಮರಿಯಳ ಹಾಡು ಹೇಳುತ್ತೇವೆ. ಹಾಡು ಮುಗಿದ ಮೇಲೆ ಹರಟೆ. ಯುರೋಪಿನ ದೊಡ್ಡವರೆಲ್ಲ ಸೇರಿ ಗಡಿಯುದ್ದಕ್ಕೂ ಡ್ರೋನ್ ಗೋಡೆ ಎಬ್ಬಿಸುವ ಮಾತು ರೇಡಿಯೊದಲ್ಲಿ ದಿನವೂ ಬರುತ್ತಿತ್ತು. ದಕ್ಷಿಣದ ದೇಶಗಳು ಅದು ನಮ್ಮ ಗಡಿಯಲ್ಲ ಎನ್ನುತ್ತಿದ್ದವು. ಪಶ್ಚಿಮದವು ಯಂತ್ರಗಳನ್ನು ನಮ್ಮ ಕಾರ್ಖಾನೆಯಿಂದಲೇ ಕೊಳ್ಳಿ ಎನ್ನುತ್ತಿದ್ದವು.

"ಗೋಡೆ ಕಟ್ತಾರಂತೆ," ಎಂದಳು ಲೆಯೊಂತಿನಾ. "ಇಟ್ಟಿಗೆ ಯಾರದ್ದು ಅಂತ ಇನ್ನೂ ಜಗಳ. ಅಲ್ಲಿವರೆಗೆ ನಮ್ಮನ್ನ ಯಾಜೆಪ್ಸನ ಕೊಕ್ಕರೆ ಕಾಯುತ್ತೆ."

ಬೇಲಿಯಾಚೆಯಿಂದ ಯಾಜೆಪ್ಸ್ ಕೂಗಿದ, "ಅದು ನಿನ್ನ ಹಾಗೆ ದಿನವಿಡೀ ವಟಗುಟ್ಟಲ್ಲ."

"ವಟಗುಟ್ಟದೆ ಇನ್ನೇನು, ಬೆಳಗಾದ್ರೆ ಕೊಕ್ಕು ಬಡಿಯುತ್ತೆ, ಮನೆ ಮೇಲೆ ಮನೆ ಬಿದ್ದ ಹಾಗೆ. ಅಲ್ಲಯ್ಯಾ ಮುದುಕ, ನಿನ್ನ ಕೊಕ್ಕರೆಗೆ ಕಾನೂನಿದೆ. ನನ್ನ ಹಸುಗೆ ಯಾವ ಕಾನೂನಿದೆ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಜುಲೈ ಇಪ್ಪತ್ತಾರಕ್ಕೆ ಮರಿಗಳು ಹಾರಿದವು, ಮೂರೂ. ಆಮೇಲೆ ಗೂಡು ಹಗಲೆಲ್ಲ ಖಾಲಿ. ರಾತ್ರಿ ತಂಗಲು ಮಾತ್ರ ಬರುತ್ತಿದ್ದವು. ಯಾಜೆಪ್ಸ್ ನನ್ನ ಮನೆಗೆ ಬಂದ, ಟೋಪಿ ತೆಗೆದು ಬಾಗಿಲಲ್ಲೇ ನಿಂತ.

"ಮರಿ ಹಾರಿದ್ವು ಟೀಚರೇ. ಕ್ಯಾಪ್ಟನ್‌ಗೆ ಫೋನ್ ಮಾಡಿ ಬಾ ಅನ್ಲಾ?"

"ಪತ್ರದಲ್ಲಿ ಮೂವತ್ತೊಂದು ಅಂತ ಇದೆಯಲ್ಲ ಯಾಜೆಪ್ಸ್. ಕಾನೂನು ತೋರಿಸಿದವರೇ ಅದನ್ನ ಮುರಿದ್ರೆ ಮುಂದಿನ ವರ್ಷ ನಮ್ಮ ಮಾತನ್ನ ಯಾರು ಕೇಳ್ತಾರೆ?"

"ಹಂಗಂತೀರಾ?"

"ಹೌದು."

ಅವನು ಟೋಪಿ ಹಾಕಿಕೊಂಡು ಹೋದ. ಓದಿದವರ ಮಾತಿಗೆ ಅವನು ಮರ್ಯಾದೆ ಕೊಡುತ್ತಿದ್ದ.

ಆಗಸ್ಟ್ ಒಂಬತ್ತು ಶನಿವಾರ. ಬೆಳಗ್ಗೆ ಏಳು ಗಂಟೆಗೆ ಹೊಗೆಕೊಳವೆ ಕೆಟ್ಟ ಮೊಪೆಡ್‌ನಂಥ ಸದ್ದು ಪೂರ್ವದ ಕಾಡಿನ ಮೇಲಿಂದ ಬಂತು. ಯಾರ ಮೊಪೆಡ್ ಎಂದು ನಾನು ಕಿಟಕಿಗೆ ಬರುವಷ್ಟರಲ್ಲಿ ಅದು ಲೆಯೊಂತಿನಾಳ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಉಕ್ರೇನಿನ ಕಡೆಗೆ ಬಿಟ್ಟ ಡ್ರೋನ್ ದಾರಿ ತಪ್ಪಿ ನಮ್ಮತ್ತ ಬಂತು ಎಂದು ಆಮೇಲೆ ಹೇಳಿದರು. ಹಸು ಹುಲ್ಲುಗಾವಲಿನಲ್ಲೇ ಇತ್ತು. ಅಲ್ಲೇ ಹಾಲು ಕರೆದು, ಸೋಸಲೆಂದು ಲೆಯೊಂತಿನಾ ಕೊಟ್ಟಿಗೆಗೆ ಬಂದಿದ್ದಳು. ಯಾಜೆಪ್ಸ್ ತೊಲೆಗಳನ್ನು ಸರಿಸಿ ಅವಳನ್ನು ಹೊರಗೆಳೆದ. ಬೆಲ್ಟಿನಿಂದ ಅವಳ ತೋಳು ಬಿಗಿದು ಕಟ್ಟಿದ. ನಮ್ಮೆಲ್ಲರ ಫೋನುಗಳು ಒಟ್ಟಿಗೆ ಕಿರುಚಿದ್ದು ಆಗ, ಆರು ನಿಮಿಷ ತಡವಾಗಿ.

ಅವಳ ಬಲಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು.

ಮರುದಿನ ಕ್ಯಾಪ್ಟನ್ ಊರಿನವರನ್ನು ಶಾಲೆಯಲ್ಲಿ ಸೇರಿಸಿದ. ಗೋಪುರದ ಪೆಟ್ಟಿಗೆಗೂ ಗಿರಣಿಯ ಪೆಟ್ಟಿಗೆಗೂ ಸದ್ದು ಕೇಳಿತ್ತು, ಮೂರನೆಯದು ಇಲ್ಲದೆ ದಿಕ್ಕು ಸಿಗಲಿಲ್ಲ ಎಂದ. ಯಾಕೆ ಇರಲಿಲ್ಲ ಎಂದು ಯಾರೋ ಕೇಳಿದರು. ಅವನು ಪತ್ರವನ್ನು ತೆಗೆದು, ತಾರೀಕಿನ ಸಮೇತ ಓದಿದ.

"ಇದ್ದಿದ್ರೆ ಅವಳಿಗೆ ನೆಲಮಾಳಿಗೆಗೆ ಹೋಗೋಕೆ ಹೊತ್ತು ಸಿಕ್ತಿತ್ತಾ?" ಯಾಜೆಪ್ಸ್ ಎದ್ದು ನಿಂತು ಕೇಳಿದ.

"ಬಹುಶಃ, ಅಜ್ಜ. ಮೂರು ನಾಲ್ಕು ನಿಮಿಷ."

ಅಲ್ಲಿಂದ ಶುರುವಾಯಿತು ಅವನ ಕಷ್ಟ. ಅವನನ್ನು ತಪ್ಪಿತಸ್ಥ ಎನ್ನಲು ಒಬ್ಬರೂ ಸಿದ್ಧರಿರಲಿಲ್ಲ. ಸರ್ಕಾರಕ್ಕೆ ಮಾಸ್ಕೋದ ತಪ್ಪು ಬೇಕಿತ್ತು, ವಿರೋಧ ಪಕ್ಷಕ್ಕೆ ಸರ್ಕಾರದ ತಪ್ಪು ಬೇಕಿತ್ತು. ಪಾದ್ರಿ ದೇವರ ಇಚ್ಛೆ ಎಂದರು. ನೆರೆಯವರು ಅವನ ಬೆನ್ನು ತಟ್ಟಿ ಮನೆಗೆ ಕಳಿಸಿದರು. ನಾನು ಒಂದು ಮಾತೂ ಆಡಲಿಲ್ಲ.

ಮೂರನೆಯ ದಿನ ಅವನು ಆಸ್ಪತ್ರೆಗೆ ಹೊರಟ. ಕಾರು ಓಡಿಸಿದ್ದು ನಾನು. ದಾರಿಯಲ್ಲಿ ಅವನು ಪತ್ರದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ವಾರ್ಡಿನಲ್ಲಿ ಕಿಟಕಿಯ ಬಳಿ ನಿಂತೆ.

"ಲೆಯೊಂತಿನಾ, ಪೆಟ್ಟಿಗೆ ಹಾಕೋಕೆ ಬಿಡದವನು ನಾನು."

"ಗೊತ್ತು."

"ಎಲ್ಲರೂ ನನ್ನ ತಪ್ಪಲ್ಲ ಅಂತಾರೆ."

"ಅವರ ಕೈ ಅವರ ಹತ್ರಾನೇ ಇದೆ, ಅಂತಾರೆ." ಅವಳ ತುಟಿ ಒಣಗಿತ್ತು. ಹೊತ್ತು ತೆಗೆದುಕೊಂಡು ಮಾತಾಡಿದಳು. "ಕಳಿಸಿದವನ ತಪ್ಪು ದೊಡ್ಡದು. ಅದು ಅವನ ತಲೆ ಮೇಲಿರ್ಲಿ. ನಿಂದೂ ತಪ್ಪೇ. ನಿನ್ನ ಪಾಲು ನಿಂದು."

ನರ್ಸ್ ಅವಳನ್ನು ಸುಮ್ಮನಿರಿಸಲು ಬಂದಳು. ಯಾಜೆಪ್ಸನ ಮುಖಕ್ಕೆ ಮೂರು ದಿನಗಳ ಮೇಲೆ ಮೊದಲ ಸಲ ಕಳೆ ಬಂದಿತ್ತು. ಅವನು ಕುರ್ಚಿ ಎಳೆದುಕೊಂಡು ಕುಳಿತ.

"ಬ್ರೂನಾಳ ಹಾಲು ಯಾರು ಕರೀತಿದಾರೆ?" ಎಂದಳು ಅವಳು.

"ಯಾರೋ ಪಕ್ಕದ ಊರಿನವರು."

"ಯಾರೋ ಬೇಡ. ನೀನು ಕರಿ. ಎರಡು ಹೊತ್ತೂ."

"ನನಗೆ ಬರಲ್ವೇ."

"ಕಂಬಕ್ಕಿಂತ ಹಸು ಕುಳ್ಳು. ಕಲ್ತುಕೊ."

ಕಲಿತ. ಮೊದಲ ವಾರ ಎರಡು ಸಲ ಒದೆ ತಿಂದ. ಹಾಲು ಅರ್ಧಕ್ಕೆ ಇಳಿದು, ಕ್ರಿಸ್ಮಸ್ ಹೊತ್ತಿಗೆ ಮುಕ್ಕಾಲಿಗೆ ಏರಿತು. ಲೆಯೊಂತಿನಾ ಮನೆಗೆ ಬಂದ ಮೇಲೆ ಪಕ್ಕದಲ್ಲಿ ನಿಂತು ಬೈಯುತ್ತಿದ್ದಳು. ಅವಳು ಒಂದೇ ಕೈಯಲ್ಲಿ ತರಕಾರಿ ಹೆಚ್ಚಲೆಂದು ಅವನು ಹಲಗೆಗೆ ಕೆಳಗಿನಿಂದ ಎರಡು ಮೊಳೆ ಹೊಡೆದು ಕೊಟ್ಟ.

ಸೆಪ್ಟೆಂಬರ್ ಒಂದಕ್ಕೆ ಪೆಟ್ಟಿಗೆ ಬಂತು, ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದನ್ನು ನೋಡಲು ಪಶ್ಚಿಮದ ಯಾವುದೋ ದೇಶದ ಸಂಸದ ಕ್ಯಾಮೆರಾಗಳ ಸಮೇತ ಬಂದ. ದಿಣ್ಣೆಯ ಮೇಲೆ ನಿಂತು ಯುರೋಪಿನ ಒಗ್ಗಟ್ಟಿನ ಬಗ್ಗೆ ಮಾತಾಡಿ, ದುಭಾಷಿಯ ಮೂಲಕ ಯಾಜೆಪ್ಸನಿಗೂ ಸಮಾಧಾನ ಹೇಳಿದ: ನಿಮ್ಮ ತಪ್ಪೇನಿಲ್ಲ, ತಪ್ಪು ಮಾಸ್ಕೋದವನದು.

"ಅವನ ತಪ್ಪು ಅವನು ಹೇಳ್ಕೊಳ್ಳಲಿ," ಎಂದ ಯಾಜೆಪ್ಸ್. "ನಾನು ನಂದು ಹೇಳ್ತಿದೀನಿ. ನೀವು ನಿಮ್ದು ಹೇಳಿ. ಇಷ್ಟು ವರ್ಷ ಏನು ಮಾಡ್ತಿದ್ರಿ?"

ಟಿವಿಯಲ್ಲಿ ಈ ಮಾತು ಬರಲಿಲ್ಲ.

ಅಂದು ನಾನು ಅವನ ಹಿಂದೆ ಎರಡು ಮಾರು ದೂರದಲ್ಲಿದ್ದೆ. ಕ್ಯಾಮೆರಾ ಇತ್ತು, ಊರು ಪೂರ್ತಿ ಇತ್ತು. ತಾರೀಕು ನನ್ನದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಒಮ್ಮೆ, ಅದೇ ಚಳಿಗಾಲದಲ್ಲಿ, ಹಾಲಿನ ಕ್ಯಾನು ಹಿಡಿದು ಬರುತ್ತಿದ್ದವನನ್ನು ತಡೆದು, ಅವಳಿಗೆ ನಾನೇ ಹೇಳಲೇ ಎಂದು ಕೇಳಿದೆ. "ಸಹಿ ನಂದಲ್ವಾ ಟೀಚರೇ," ಎಂದ. ಅದನ್ನು ನಾನು ಸುಮ್ಮನಿರಲು ಅಪ್ಪಣೆಯೆಂದು ತೆಗೆದುಕೊಂಡೆ. ಅವನು ಕೊಟ್ಟದ್ದು ಅಪ್ಪಣೆಯಲ್ಲ, ಸೌಜನ್ಯ. ಎರಡರ ವ್ಯತ್ಯಾಸ ನನಗೆ ತಿಳಿಯದ್ದೇನಲ್ಲ.

ಅವನು ಸತ್ತದ್ದು ಹೃದಯ ನಿಂತು, ಬೆಳಗಿನ ಹಾಲು ಕರೆದು ಬಂದ ಮೇಲೆ. ಮಣ್ಣು ಮಾಡಿ ಮೂರು ವಾರ ಕಳೆದ ಮೇಲೆ ನಾನು ಲೆಯೊಂತಿನಾಳ ಮನೆಗೆ ಹೋದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ನಿಂತೇ ಹೇಳಿದೆ: ಪತ್ರ ನನ್ನದು, ತಾರೀಕು ನನ್ನದು, ಮರಿ ಹಾರಿದ ಮೇಲೂ ತಡೆದವಳು ನಾನು.

"ಗೊತ್ತು," ಎಂದಳು.

"ಅವನು ಹೇಳಿದನೇ?"

"ಅವನ್ಯಾಕೆ ಹೇಳ್ತಾನೆ? ಕ್ಯಾಪ್ಟನ್ ಓದಿದ್ದನ್ನ ಊರಿನವರು ನನಗೆ ಹೇಳಿದ್ರು. ಆಗಸ್ಟ್ ಮೂವತ್ತೊಂದಂತೆ. ಯಾಜೆಪ್ಸನಿಗೆ ಹಕ್ಕಿ ಗೊತ್ತಿತ್ತು ಟೀಚರೇ, ತಾರೀಕು ಗೊತ್ತಿರ್ಲಿಲ್ಲ." ಚಾಕು ಕೆಳಗಿಟ್ಟಳು. "ಅವನು ಮೂರನೇ ದಿನಕ್ಕೆ ಬಂದ. ನೀವೂ ಜೊತೆಗೇ ಬಂದಿದ್ರಿ. ಆ ಕಿಟಕಿ ಹತ್ರ ನಿಂತಿದ್ರಿ. ಹೇಳ್ತೀರಿ ಅಂತ ನಾನು ಕಾದೆ."

ನನ್ನ ಪಾಲೆಷ್ಟು ಎಂದು ಕೇಳಲು ಹೋಗಿದ್ದೆ. ಕೇಳುವ ಬದಲು, ಇನ್ನು ಮೇಲೆ ಹಾಲು ಕರೆಯಲು ನಾನು ಬರುತ್ತೇನೆ ಎಂದೆ. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅದು ಹಾಸ್ಯಾಸ್ಪದವೆಂದು ಆಡುವಾಗಲೇ ಗೊತ್ತಿತ್ತು.

"ಹಸು ಹೋಗಿ ಹನ್ನೊಂದು ದಿನ ಆಯ್ತು," ಎಂದಳು ಲೆಯೊಂತಿನಾ. "ಕರೆಯೋರಿಲ್ಲ ಅಂತ ಕೊಟ್ಟುಬಿಟ್ಟೆ."

ಇನ್ನೊಂದು ಆಲೂಗಡ್ಡೆಯನ್ನು ಹಲಗೆಯ ಮೊಳೆಗೆ ಚುಚ್ಚಿ, ಎಡಗೈಯಲ್ಲಿ ಚಾಕು ತೆಗೆದುಕೊಂಡಳು. ನಾನು ಹಲಗೆ ಹಿಡಿಯಲು ಕೈ ಚಾಚಿದೆ.

"ಬೇಡ ಬಿಡಿ," ಎಂದಳು. ಕೂರಲೂ ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಬಾಗಿಲು ಎಳೆದುಕೊಂಡು ಬಂದೆ.