ಆಯಮ್ಮ ಎತ್ತಿಕೊಂಡು ಹೇಳಿದ ತೂಕ

ಆಯಮ್ಮನ ಸೀರೆ ಮೊದಲು ಸವೆಯುತ್ತಿದ್ದದ್ದು ಎಡಸೊಂಟದ ಹತ್ತಿರ. ಉಳಿದ ಕಡೆ ಬಣ್ಣ ಇನ್ನೂ ಗಟ್ಟಿಯಾಗಿರುವಾಗಲೇ ಅಲ್ಲಿ ಅಂಗೈಯಗಲ ನೂಲು ಬಿಟ್ಟುಕೊಂಡಿರುತ್ತಿತ್ತು. ನಮ್ಮ ಅಂಗನವಾಡಿಯ ಮೂವತ್ತು ಮಕ್ಕಳಲ್ಲಿ ಯಾವುದಾದರೂ ಒಂದು ಕೂಸು ಸದಾ ಆ ಸೊಂಟದ ಮೇಲಿರುತ್ತಿತ್ತು. ಬಲಗೈಯಲ್ಲಿ ಸೌಟು, ಎಡಗಡೆ ಕೂಸು. ಕೂಸು ಇಲ್ಲದಾಗಲೂ ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು.

ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಮದುವೆಯಾಗಿ ಬಂದ ಊರು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲೇ ಅಂಗನವಾಡಿ ಟೀಚರಾದೆ. ಆಯಮ್ಮ ಸಹಾಯಕಿ. ಅಡುಗೆ, ಕಸ, ಮಕ್ಕಳನ್ನು ಮನೆಮನೆಯಿಂದ ಕರೆತರುವುದು ಎಲ್ಲ ಅವರದೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಓದು ಬಾರದು. ಕೇರಿಯವರು ಬೇಯಿಸಿದ್ದೆಂದು ಮೇಲಿನ ಬೀದಿಯ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದವು. ಆ ಪುಟ್ಟ ಕೈಗಳಿಗೆ ಮುಚ್ಚಳ ಬಿಚ್ಚಲು ಬಾರದು, ಬಿಚ್ಚಿಕೊಡುತ್ತಿದ್ದದ್ದೂ ಆಯಮ್ಮನೇ.

ತರಬೇತಿಯಲ್ಲಿ ನನಗೊಂದು ಪಟ ಕೊಟ್ಟಿದ್ದರು. ಶಕ್ತಿ ಕೊಡುವ ಆಹಾರ, ಮೈ ಬೆಳೆಸುವ ಆಹಾರ, ರೋಗ ತಡೆಯುವ ಆಹಾರ ಎಂದು ಮೂರು ಗುಂಪು. ತಾಯಂದಿರ ಸಭೆಯಲ್ಲಿ ಕೋಲು ಹಿಡಿದು ತೋರಿಸುತ್ತಿದ್ದೆ. ಅವರು ಆಕಳಿಸುತ್ತಿದ್ದರು. ಒಮ್ಮೆ ಒಲೆಯ ಹತ್ತಿರದಿಂದಲೇ ಆಯಮ್ಮ ಕೂಗಿದರು:

"ಅಲ್ಲ ಮಿಸ್, ರಸಬಾಳೆ ಸೀಮೇಲಿ ಕೂತ್ಕಂಡು ಸೇಬು ಬರ್ದವ್ರಲ್ಲ, ಅದು ನಮ್ಮೂರ್ಗೆ ಯಾವ್ ಬಸ್ಸಲ್ಲಿ ಬತ್ತದ?"

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲೇ ಅವರು ಮುಂದುವರಿಸಿದರು: "ನೋಡ್ರವ್ವ, ಬರೀ ಮುದ್ದೆ, ಬರೀ ಅನ್ನ ಅನ್ನೋದು ಒಂಟೆತ್ತು. ಒಂಟೆತ್ತು ಗಾಡಿ ಎಳ್ದದಾ? ಪಕ್ಕದಲ್ಲಿ ಕಾಳು ಕಟ್ಟಿ. ಸೊಪ್ಪು ಕೀಲೆಣ್ಣೆ ಇದ್ದಂಗೆ, ಅದಿಲ್ದಿದ್ರೆ ಗಾಡಿ ಕಿರುಗುಟ್ತದ."

ನನ್ನ ಅರ್ಧ ಗಂಟೆಯ ಪಾಠ ಅಷ್ಟರಲ್ಲಿ ಮುಗಿದಿತ್ತು. ಆಯಮ್ಮ ತಾವು ಹೇಳಿದ್ದನ್ನೇ ಮಾಡುತ್ತಿದ್ದರು ಕೂಡ. ಬರುವ ದಾರಿಯಲ್ಲಿ ಬದುವಿನ ಮೇಲಿನ ಅಣ್ಣೆಸೊಪ್ಪು, ಹೊನಗೊನೆ ಸೊಪ್ಪು ಕಿತ್ತು ಮಡಿಲು ತುಂಬಿಕೊಂಡು ಬಂದು ಸರ್ಕಾರದ ಬೇಳೆಗೆ ಹಾಕುತ್ತಿದ್ದರು. ಸೊಪ್ಪು ಬೇಯಿಸಿದ ನೀರನ್ನು ಒಂದು ಹನಿಯೂ ಚೆಲ್ಲಗೊಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ಮಕ್ಕಳ ತೂಕ. ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ಕೂರಿಸುವ ಮೊದಲು ಆಯಮ್ಮ ಪ್ರತಿ ಮಗುವನ್ನೂ ಸೊಂಟಕ್ಕೇರಿಸಿ ಎರಡು ಹೆಜ್ಜೆ ನಡೆಯುವರು. "ಇವ್ನು ಓದ್ ತಿಂಗ್ಳು ಇದ್ದಂಗೇ ಅವ್ನೆ," "ಇವ್ಳು ಒಂದ್ ಸೇರು ಏರವ್ಳೆ." ಮುಳ್ಳು ಅವರ ಮಾತು ಮೀರಿದ್ದು ಅಪರೂಪ.

ಪಕ್ಕದ ಬೀದಿಯಿಂದ ಎರಡೂವರೆ ವರ್ಷದ ಒಂದು ಹುಡುಗಿ ಬರುತ್ತಿದ್ದಳು. ತಾಯಿ ಬೆಳಿಗ್ಗೆಯೇ ಕಳೆ ಕೀಳಲು ಹೋಗುವಳು. ಮನೆಯಲ್ಲಿ ಅಜ್ಜಿ ಕೂಸು ಅತ್ತಾಗಲೆಲ್ಲ ಟೀಯಲ್ಲಿ ಬನ್ನು ಅದ್ದಿ ಕೊಡುವಳು. ಹೊಟ್ಟೆ ತುಂಬಿದ ಕೂಸು ನಮ್ಮಲ್ಲಿ ಎರಡು ತುತ್ತಿಗೆ ಮುಖ ತಿರುಗಿಸುತ್ತಿತ್ತು. ಪ್ರತಿ ಮಗುವಿನ ತೂಕವನ್ನು ಚುಕ್ಕಿಯಿಟ್ಟು ತೋರಿಸುವ ಕಾರ್ಡಿನಲ್ಲಿ, ಆ ತಿಂಗಳು ಅವಳ ತೂಕ ಕಡೆಯ ಗೆರೆಗಿಂತ ಕೆಳಗೆ ಬಿತ್ತು.

ಆ ಗೆರೆಯ ಕೆಳಗೆ ಒಂದು ಮಗುವೂ ಇಲ್ಲದ ಕೇಂದ್ರದ ಟೀಚರಿಗೆ ಆ ವರ್ಷ ಶಾಲು ಹೊದಿಸುತ್ತಾರೆಂದು ಟೀಚರುಗಳ ಸಭೆಯಲ್ಲಿ ಹೇಳಿದ್ದರು. ನನಗೆ ಆ ಶಾಲು ಬೇಕಿತ್ತು. ಹುಡುಗಿಯ ಚುಕ್ಕಿಯನ್ನು ಗೆರೆಗಿಂತ ಮೇಲಿಟ್ಟೆ. ಮುಂದಿನ ತಿಂಗಳು ಇನ್ನೂ ಸ್ವಲ್ಪ ಮೇಲೆ. ಗೆರೆಯ ಕೆಳಗಿನ ಕೂಸಿಗೆ ಎರಡು ಪಾಲು ಆಹಾರ, ಡಾಕ್ಟರ ತಪಾಸಣೆ ಸಿಗುತ್ತಿತ್ತು. ಅವಳಿಗೆ ಎರಡೂ ತಪ್ಪಿದವು. ಮೂರನೆಯ ತಿಂಗಳು ನಾನು ಪೆನ್ನು ಎತ್ತಿದಾಗ ಆಯಮ್ಮ ಪಕ್ಕದಲ್ಲಿ ನಿಂತಿದ್ದರು.

"ನಿಮ್ ಕಾರ್ಡಲ್ಲಿ ಕೂಸು ಮ್ಯಾಲಕ್ಕೋಯ್ತದ, ನನ್ ಸೊಂಟದಲ್ಲಿ ಕೆಳಕ್ಕಿಳೀತದ ಕಣ್ ಮಿಸ್."

"ನಿಮಗೆ ಇದೆಲ್ಲ ಗೊತ್ತಾಗಲ್ಲ, ಸಾರು ನೋಡಿ, ಸೀದೀತು" ಎಂದು ಚುಕ್ಕಿಯನ್ನು ಮೇಲೆಯೇ ಇಟ್ಟೆ.

ಹದಿನೈದು ದಿನಕ್ಕೆ ಹುಡುಗಿಗೆ ವಾಂತಿಭೇದಿ. ಮನೆಯವರು ನರಸೀಪುರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಉಳಿದುಕೊಂಡಿತು. ಆದರೆ ಕೂಸಿಗೆ ತಿಂಗಳುಗಟ್ಟಲೆಯಿಂದ ಸರಿಯಾದ ಊಟವಿಲ್ಲ ಎಂದು ಡಾಕ್ಟರು ಬೈದು ಕಳಿಸಿದ್ದರು. ಮಾರನೆಯ ದಿನ ಅಜ್ಜಿ ಸೊಸೆಯನ್ನು ಎಳೆದುಕೊಂಡೇ ಅಂಗನವಾಡಿಗೆ ಬಂದಳು.

"ಕಾರ್ಡ್ ನೋಡಿ ಏಳಿ ಮಿಸ್, ಇಲ್ಲಿ ತೂಕ ಎಂಗದ?"

"ಸರಿಯಾಗೇ ಇದೆ" ಎಂದೆ.

ಅಜ್ಜಿ ಸೊಸೆಯ ಕಡೆ ತಿರುಗಿದಳು. "ಕೇಳುಸ್ಕಂಡ್ಯಾ? ಇಲ್ಲಿ ಸರಿಯಾಗದ, ಹಗಲೊತ್ತು ನಾನ್ ತಿನ್ಸೋದ್ರಲ್ಲಿ ಏನೂ ಕೊರೆ ಇಲ್ಲ. ನೀನೇ ಕಣಮ್ಮಿ, ರಾತ್ರಿ ಗಂಜಿ ಕುಡ್ಸಿ ನನ್ ಮೊಮ್ಮಗಳ ಸಾಯಿಸ್ತಾ ಇದ್ದದ್ದು!"

ಸೊಸೆ ತಲೆ ಎತ್ತಲಿಲ್ಲ. ಒಲೆಯ ಮುಂದಿನಿಂದ ಆಯಮ್ಮ ಎದ್ದು ಬಂದರು. "ಇಲ್ಲ ಕಣಕ್ಕ, ಅವ್ಳ ಬೈಬ್ಯಾಡ. ಕೂಸು ಮೂರ್ ತಿಂಗ್ಳಿಂದ ಕರಗ್ತಾ ಅದ. ದಿನಾ ಎತ್ಕಂಡೋಳು ನಾನು."

ಅಜ್ಜಿ ನನ್ನ ಮುಖ ನೋಡಿದಳು. ಸೊಸೆಯೂ ನೋಡಿದಳು. ಆಯಮ್ಮ ನೋಡಲಿಲ್ಲ. ನನಗೆ ದಾರಿ ಬಿಟ್ಟುಕೊಡುವವರ ಹಾಗೆ ನೆಲ ನೋಡುತ್ತ ನಿಂತಿದ್ದರು.

"ಆಯಮ್ಮನಿಗೆ ಓದೋಕೆ ಬರಲ್ಲ," ಎಂದೆ ನಾನು. "ಕಾರ್ಡಲ್ಲಿರೋದೇ ಸರಿ."

ಆ ವರ್ಷ ಶಾಲು ನನಗೇ ಬಂತು. ಆಯಮ್ಮ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಅವರು ಜಗಳವಾಡಲಿಲ್ಲ, ಮೇಲಿನವರಿಗೆ ದೂರಲಿಲ್ಲ. ಮಧ್ಯಾಹ್ನ ನನ್ನ ತಟ್ಟೆಗೆ ಬಡಿಸುವುದನ್ನೂ ಬಿಡಲಿಲ್ಲ. ನನ್ನ ಜೊತೆ ಕೂತು ಉಣ್ಣುವುದನ್ನು ಮಾತ್ರ ಬಿಟ್ಟರು. ಆ ಹುಡುಗಿಯನ್ನು ದಿನಾ ಬೆಳಿಗ್ಗೆ ಮೊದಲು ಹೋಗಿ, ಅಜ್ಜಿಯ ಟೀ ಕಾಯುವ ಮೊದಲೇ ಎತ್ತಿಕೊಂಡು ಬರುತ್ತಿದ್ದರು. ರಾಗಿಹಿಟ್ಟಿಗೆ ಹುರಿದ ಕಡಲೆಕಾಯಿ ಪುಡಿ, ಬೆಲ್ಲ ಹಾಕಿ ಮಣ್ಣಿ ಕಾಸಿ ಚಮಚ ಚಮಚ ತಿನ್ನಿಸುವರು. ತಮ್ಮ ಮನೆಯ ಕೋಳಿಯ ಮೊಟ್ಟೆ ಬೇಯಿಸಿ ಸೆರಗಿನಲ್ಲಿ ತರುವರು. ನಾಲ್ಕು ತಿಂಗಳಿಗೆ ಕೂಸಿನ ತೋಳು ತುಂಬಿಕೊಂಡಿತು. ಆಮೇಲೆ ನಾನು ಯಾರ ಚುಕ್ಕಿಯನ್ನೂ ಮೇಲೆ ಸರಿಸಲಿಲ್ಲ. ಮೇಲಿನವರಿಂದ ಬೈಸಿಕೊಂಡು, ಬಿದ್ದಲ್ಲೇ ಇಟ್ಟೆ. ಆದರೆ ಸುಳ್ಳಾಗಿ ಇಟ್ಟಿದ್ದ ಆ ಮೂರು ಚುಕ್ಕಿಗಳ ವಿಷಯ ಯಾರಿಗೂ ಹೇಳಲಿಲ್ಲ.

ಹತ್ತು ವರ್ಷದ ಮೇಲೆ ಆಯಮ್ಮ ಜ್ವರ ಬಂದು ಒಂದೇ ವಾರಕ್ಕೆ ತೀರಿಕೊಂಡರು. ಕೇರಿಯಲ್ಲಿ ಅವರ ಮನೆಗೆ ಹೋದಾಗ ಆ ಹುಡುಗಿಯ ತಾಯಿ ಹೊರಗೆ ಗೋಡೆಗೊರಗಿ ಕುಳಿತಿದ್ದಳು. ಪಕ್ಕದಲ್ಲಿ ಕೂತೆ.

"ಆವತ್ತು ಆಯಮ್ಮ ಹೇಳಿದ್ದೇ ನಿಜ ಕಣವ್ವ. ಕಾರ್ಡಲ್ಲಿ ಸುಳ್ಳು ಬರೆದಿದ್ದು ನಾನು."

ಅವಳು ಬೆಚ್ಚಲಿಲ್ಲ. "ಗೊತ್ತು ಮಿಸ್."

"ಆಯಮ್ಮ ಹೇಳಿದ್ರಾ?"

"ಅವ್ರು ಒಂದಿನಾನೂ ನಿಮ್ಮೆಸ್ರು ಎತ್ನಿಲ್ಲ. ನಿಮ್ ಮೊಕ ನೋಡ್ದಾಗ್ಲೇ ನಂಗೆ ಗೊತ್ತಾಯ್ತು." ಸೆರಗಿನಿಂದ ಮೂಗೊರೆಸಿಕೊಂಡಳು. "ಈಗ ನಂಗೇಳಿ ಏನ್ ಬಂತು ಮಿಸ್? ನಮ್ಮತ್ತೆಗೆ ಏಳ್ಬೇಕಿತ್ತು. ಓದ್ ವರ್ಸ ಸಾಯೋಗಂಟ ಅವ್ರು ನನ್ ಕೈಲಿ ನನ್ ಕೂಸ್ಗೆ ಒಂದ್ ತುತ್ತು ತಿನ್ಸಕ್ಕೆ ಬುಡ್ನಿಲ್ಲ."