ದೊಡ್ಡಮ್ಮ ಉಜ್ಜಿದ ಚಂದ್ರಿಕೆ

ಮೊನ್ನೆ ಪೆರೇಸಂದ್ರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ರೇಷ್ಮೆ ಹುಳುವಿನ ಹಿಕ್ಕೆಯ ವಾಸನೆಯೊಂದಿಗೆ ಬೆರೆತು ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮೂರು ದಿಬ್ಬೂರಹಳ್ಳಿಯ ಪಕ್ಕದ ಮನೆ ದೊಡ್ಡಮ್ಮ ನೆನಪಾಗಿ ತಲೆ ತಗ್ಗಿತು.

ಎರಡು ಸಾವಿರದ ಆರೋ ಏಳೋ ಇಸವಿ... ಆಗ ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಕೃತಕ ರಕ್ತನಾಳಕ್ಕಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ನಾಳದ ಒಳಗೋಡೆಯ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಹಾಳೆ ನುಣುಪಾಗಿದ್ದಷ್ಟೂ ಒಳ್ಳೆಯದೆಂದು ನಂಬಿದ್ದೆ. ಕೋಶಗಳೋ, ಉಂಡೆಗಟ್ಟಿ ಕಳಚಿಕೊಂಡು ತೇಲುತ್ತಿದ್ದವು. ಒಂದೂವರೆ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಸೋತು ಊರಿಗೆ ಬಂದಿದ್ದೆ. ದೊಡ್ಡಮ್ಮ ಅಂಗಳದಲ್ಲಿ ಕೂತು ಹೊಸ ಪ್ಲಾಸ್ಟಿಕ್ ಚಂದ್ರಿಕೆಯನ್ನು ಬಡಗಿಯ ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವುದು ಅದರ ಮೇಲೆಯೇ. ಹೊಸದನ್ನು ಯಾಕೆ ಕೆಡಿಸುತ್ತೀರಿ ಎಂದು ರೇಗಿಸಿದೆ.

"ನುಣ್ಣಗಿದ್ರೆ ಹುಳ ಜಾರ್ತದೆ ಕಣಮ್ಮ. ಬಿದ್ರಿನ ಚಂದ್ರಿಕೆ ಆದ್ರೆ ಹಿಡ್ಕಂತದೆ. ಹಿಂಗೆ ಒಂದೇ ದಿಕ್ಕಿಗೆ ಉಜ್ಜಿದ್ರೆ, ಗೆರೆ ಸಿಕ್ಕಿದ ಕಡೆ ಕಾಲೂರ್ತದೆ."

ಲ್ಯಾಬಿಗೆ ಮರಳಿ ನಾನೂ ಹಾಳೆಯನ್ನು ಒಂದೇ ದಿಕ್ಕಿಗೆ ಉಜ್ಜಿದೆ. ಮೂರನೇ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಕೋಶಗಳು ಗೆರೆಗುಂಟ ಉದ್ದಕ್ಕೆ ಚಾಚಿ, ಗಟ್ಟಿಯಾಗಿ ಅಂಟಿಕೊಂಡಿದ್ದವು. ಖುಷಿಗೆ ಅತ್ತುಬಿಟ್ಟೆ. ಹೇಗೆ ಹೊಳೆಯಿತು ಎಂದು ನಮ್ಮ ಗೈಡ್ ಕೇಳಿದರು. ಹುಳು ಸಾಕುವ ಹೆಂಗಸೊಬ್ಬರು ಹೇಳಿಕೊಟ್ಟರು ಎನ್ನಲು ನಾಚಿಕೆಯಾಯಿತು.

"ಯೋಚ್ನೆ ಮಾಡ್ತಾ ಇದ್ದೆ ಸರ್" ಎಂದೆ. ಥೀಸಿಸ್ಸಿನಲ್ಲಿ ಊಟ ಹಾಕಿದ ಹಾಸ್ಟೆಲಿಗೂ ಕೃತಜ್ಞತೆ ಹೇಳಿದ್ದೇನೆ, ದೊಡ್ಡಮ್ಮನಿಗಿಲ್ಲ.

ಅಷ್ಟಕ್ಕೇ ನಿಂತಿದ್ದರೆ... ಆ ಕೋಶಗಳ ಫೋಟೋ ಹಿಡಿದು ಊರಿಗೆ ಹೋದೆ. ಜಗುಲಿಯ ತುಂಬ ನೆಂಟರು. ದೊಡ್ಡಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಗೆರೆಗಳ ಮೇಲೆ ಬೆರಳಾಡಿಸಿದರು. ಅವರ ಮುಖ ಅರಳಿತು.

"ನಮ್ ಹುಳದ ಹಂಗೇ ಐತಲ್ಲಮ್ಮ! ಉಜ್ಜಿದ್ಯಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ದೊಡ್ಡಮ್ಮ, ಇದೇ ಬೇರೆ. ನಿಮಗೆ ಅರ್ಥ ಆಗಲ್ಲ ಬಿಡಿ."

ಅವರು ಫೋಟೋವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. "ಹೌದು ಬಿಡಮ್ಮ, ನಾವೇನ್ ಓದಿದೋರಾ" ಎಂದು ಎದ್ದು ಹೋದರು. ಆಮೇಲೆ ಎಷ್ಟು ಸಲ ಊರಿಗೆ ಹೋದರೂ, ಊಟ ಆಯ್ತಾ ಎಂದು ಕೇಳುತ್ತಿದ್ದರೇ ಹೊರತು ನನ್ನ ಕೆಲಸದ ಸುದ್ದಿ ಎತ್ತಲಿಲ್ಲ. ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಮುಂದಿನ ಸಲ, ಮುಂದಿನ ಸಲ ಎನ್ನುತ್ತಿರುವಾಗಲೇ ಅವರು ತೀರಿಹೋದರು.

ಈಗ ನಾನೇ ಪಾಠ ಮಾಡುತ್ತೇನೆ. ಈ ವಿಷಯ ಬಂದಾಗಲೆಲ್ಲ ಇದನ್ನು ನನಗೆ ಕಲಿಸಿದ್ದು ನಮ್ಮೂರ ದೊಡ್ಡಮ್ಮ ಎಂದು ಹೇಳುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮೇಡಂ ಎಷ್ಟು ಪ್ರಾಮಾಣಿಕರು ಎನ್ನುತ್ತಾರೆ. ಜಗುಲಿಯಲ್ಲಿ ಅವರು ಕೇಳಿದ್ದನ್ನು, ನಾನು ಕೊಟ್ಟ ಉತ್ತರವನ್ನು, ಇದುವರೆಗೆ ಯಾವ ತರಗತಿಯಲ್ಲೂ ಹೇಳಿಲ್ಲ.